ಮಾವನ ಬೀಡಿ, ಅಕ್ಕನ ಕತ್ತು

ಮಾವ ಬೀಡಿ ಹಿಡಿದರು, ಉಣ್ಣಿ ತಾನಾಗಿ ಉದುರಿತು.

ನಮ್ಮ ಮನೆಯಲ್ಲಿ ಈ ಕತೆಯನ್ನು ಇಷ್ಟೇ ಉದ್ದಕ್ಕೆ ಹೇಳುತ್ತಾರೆ. ಹೇಳುವವರು ಯಾರೇ ಇರಲಿ, ಜಗಲಿಯಲ್ಲಿ ಕೂತು ಕೇಳುವವರು ಯಾರೇ ಇರಲಿ, ‘ತಾನಾಗಿ’ ಎಂಬ ಶಬ್ದ ಮಾತ್ರ ತಪ್ಪುವುದಿಲ್ಲ. ನಾನು ಆ ಶಬ್ದವನ್ನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಸರಳ. ಆ ಹೊತ್ತಿಗೆ ಅಕ್ಕನ ಜಡೆಯನ್ನು ಮೇಲಕ್ಕೆತ್ತಿ ಹಿಡಿದುಕೊಂಡು ನಿಂತವಳು ನಾನು.

ನಮ್ಮ ಮನೆಯಲ್ಲಿ ಇನ್ನೊಂದು ಕತೆಯೂ ಉಂಟು. ಅದನ್ನು ಜಗಲಿಯಲ್ಲಿ ಹೇಳುವುದಿಲ್ಲ, ಅಡುಗೆಮನೆಯಲ್ಲಿ ಸ್ವರ ತಗ್ಗಿಸಿ ಹೇಳುತ್ತಾರೆ. ಅಕ್ಕನ ಕತ್ತಿನಲ್ಲಿ ಒಂದು ಬಿಳಿ ಉಂಟು, ಅದು ನಾಗನ ಮುನಿಸು, ಹರಕೆ ಹೇಳಿದ್ದೇವೆ, ಹೋಗ್ತದೆ ಎಂಬ ಕತೆ. ಜಗಲಿಯ ಕತೆ ಅಡುಗೆಮನೆಗೆ ಬರುವುದಿಲ್ಲ, ಅಡುಗೆಮನೆಯ ಕತೆ ಜಗಲಿಗೆ ಹೋಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಇಲ್ಲ. ಇಟ್ಟು ನೋಡಿದರೆ ಗೊತ್ತಾಗುತ್ತಿತ್ತು, ಎರಡೂ ಕತೆಗಳು ಒಂದೇ ಕತ್ತಿನವು. ಒಂದೇ ಬದಿಯವು. ಒಂದೇ ಬೇಸಗೆಯವು.

ಕಾಲೇಜಿನಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಮೇಷ್ಟ್ರು ಒಂದು ಪಾಠ ಹೇಳಿಕೊಟ್ಟಿದ್ದರು. ಎದುರಿನವನ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ನೀನೇ ಹೇಳು, ಆಮೇಲೆ ಮುರಿ. ಹಾಗಾಗಿ ಮೊದಲು ಮಾವನ ಪರವಾಗಿ ಮಾತಾಡುತ್ತೇನೆ. ಮಾವ ಕೆಟ್ಟವರಲ್ಲ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತ ವರ್ಷಕ್ಕೊಮ್ಮೆ ಬರುವವರು. ನಮ್ಮ ಶಾಲೆ, ಜ್ವರ, ಚಪ್ಪಲಿ ಎಲ್ಲವನ್ನೂ ನೋಡಿಕೊಂಡದ್ದು ಅಮ್ಮನ ಅಣ್ಣನಾದ ಈ ಮಾವನೇ. ಎಮ್ಮೆಯ ಮೈಯಿಂದ, ನಾಯಿಯ ಕಿವಿಯಿಂದ ಅವರು ತೆಗೆದ ಉಣ್ಣಿಗಳನ್ನು ಸೇರಿಸಿದರೆ ಒಂದು ಕಳಸೆ ತುಂಬೀತು. ನಮ್ಮ ಮನೆ ಆಲೆಟ್ಟಿಯಿಂದಲೂ ಒಳಗೆ. ಡಾಕ್ಟರು ಬೇಕೆಂದರೆ ನಡೆದು ಬಸ್ಸು ಹಿಡಿದು ಸುಳ್ಯಕ್ಕೆ ಹೋಗಬೇಕು. ಮತ್ತು ಉಣ್ಣಿಗೆ ಬೀಡಿ ಹಿಡಿಯುವುದು ಮಾವ ಕಂಡುಹಿಡಿದದ್ದಲ್ಲ, ಊರಿಡೀ ಮಾಡುವುದು. ಆಯಿತು. ಇಷ್ಟನ್ನೂ ಒಪ್ಪಿದೆ.

ಈಗ ಮುರಿಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಒಂದು ಬೇಸಗೆ. ನಾನು ಹೈಸ್ಕೂಲು, ಅಕ್ಕನಿಗೆ ಇಪ್ಪತ್ತು ದಾಟಿತ್ತು. ಗೇರುಬೀಜದ ಸಮಯ. ಬೆಳಿಗ್ಗೆ ಬೀಡಿ ಕಟ್ಟಿ ಮುಗಿಸಿ ಅಕ್ಕ ಗುಡ್ಡೆಗೆ ಹೋಗಿ ಗೇರುಮರದ ಅಡಿಯಲ್ಲಿ ಬಿದ್ದ ಬೀಜ ಹೆಕ್ಕುತ್ತಿದ್ದಳು. ಒಣಗಿದ ತರಗೆಲೆಯ ಮೇಲೆ ಬಗ್ಗಿ ಕೂತು ಹೆಕ್ಕುವ ಕೆಲಸ. ಅದೇ ಗುಡ್ಡೆಯಲ್ಲಿ ದನಗಳೂ ಮಲಗುತ್ತವೆ. ಹೀಗೆ ಒಂದು ದಿನ ಅವಳ ಬಲಗಿವಿಯ ಹಿಂದೆ, ಕೂದಲು ಮುಗಿದು ಕತ್ತು ಶುರುವಾಗುವಲ್ಲಿ, ಒಂದು ಗಂಟು ಕಾಣಿಸಿತು.

ಅಮ್ಮ ಬೆರಳಿಂದ ಮುಟ್ಟಿ ನೋಡಿ, “ಪಾಲುಣ್ಣಿ,” ಅಂದಳು.

ಪಾಲುಣ್ಣಿ ಅಂದರೆ ಚರ್ಮದ ಮೇಲೆ ತಾನೇ ಏಳುವ ಸಣ್ಣ ಗಂಟು, ನರುಳ್ಳೆಯ ಹಾಗೆ. ಅದಕ್ಕೆ ನಮ್ಮಲ್ಲಿ ಮದ್ದು ಇಲ್ಲ, ಹರಕೆ. ನಾಗನಕಲ್ಲಿಗೆ ಉಪ್ಪು ಮತ್ತು ಒಳ್ಳೆಮೆಣಸು ಹಾಕುತ್ತೇನೆಂದು ಹೇಳಿಕೊಂಡರೆ ಉದುರುತ್ತದಂತೆ. ಅಮ್ಮ ಹೇಳಿಕೊಂಡಳು. ಎರಡು ದಿನ ಕಾದೆವು. ಮೂರನೆಯ ದಿನ ಗಂಟು ಹರಳುಬೀಜದಷ್ಟು ದಪ್ಪವಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ತಲೆ ಬಾಚುವಾಗ ನಾನು ಹತ್ತಿರದಿಂದ ನೋಡಿದೆ.

“ಅಮ್ಮ, ಪಾಲುಣ್ಣಿಗೆ ಕಾಲು ಉಂಟಾ?”

“ಎಂತ ಕಾಲು?”

“ಇದಕ್ಕೆ ಉಂಟು. ಅಲ್ಲಾಡಿಸ್ತಾ ಉಂಟು.”

ಅಂತೂ ಪಾಲುಣ್ಣಿಯಿಂದ ‘ಪಾಲು’ ಹೋಗಿ ಬರೀ ಉಣ್ಣಿ ಉಳಿಯಿತು. ಹರಕೆಯ ಉಪ್ಪು, ಮೆಣಸು ವಾಪಸು ಡಬ್ಬಿಗೆ ಹೋಗಲಿಲ್ಲ. ಹೇಳಿಕೊಂಡದ್ದನ್ನು ಕೊಡದಿರುವ ಧೈರ್ಯ ಅಮ್ಮನಿಗೆ ಇಲ್ಲ. ಆ ಎರಡು ದಿನಗಳಿಗಾಗಿ ನಾನು ಅಮ್ಮನ ಮೇಲೆ ಸಿಟ್ಟು ಮಾಡುವುದಿಲ್ಲ. ಅವಳು ತಪ್ಪು ತಿಳಿದಳು, ಅಷ್ಟೆ. ತಪ್ಪು ತಿಳಿಯುವುದು ಬೇರೆ, ತಿಳಿದ ಮೇಲೆ ಮುಚ್ಚಿಡುವುದು ಬೇರೆ.

ಮಧ್ಯಾಹ್ನ ಊಟವಾದ ಮೇಲೆ ಅಕ್ಕನನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿದರು. ನನಗೆ ಜಡೆ ಹಿಡಿಯುವ ಕೆಲಸ. ಮಾವ ಮೊದಲು ಹತ್ತಿಯಲ್ಲಿ ಚಿಮಿಣಿ ಎಣ್ಣೆ ಅದ್ದಿ ಇಟ್ಟರು. ಉಣ್ಣಿ ಕದಲಲಿಲ್ಲ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಹಚ್ಚಿದರು. ಅದಕ್ಕೂ ಇಲ್ಲ. “ಇದು ಹಟದ್ದು,” ಎನ್ನುತ್ತ ಬೀಡಿ ಹಚ್ಚಿ, ಎರಡು ದಮ್ಮು ಎಳೆದು ಕೆಂಡ ಕೆಂಪು ಮಾಡಿಕೊಂಡರು.

ಆ ಬೀಡಿಯನ್ನು ಕಟ್ಟಿದವಳು ಅಕ್ಕನೇ. ಡಿಪೋದಲ್ಲಿ ಸರಿಯಿಲ್ಲವೆಂದು ತಳ್ಳಿದ ಬೀಡಿಗಳೆಲ್ಲ ಮಾವನ ಪಾಲಿಗೆ ಬರುತ್ತಿದ್ದವು.

“ಮಾವ, ಬಿಸಿ ತಾಗ್ತದೆ,” ಅಂದಳು ಅಕ್ಕ.

“ಉಣ್ಣಿಗೆ ತಾಗುದು, ನಿನಗಲ್ಲ. ಅಲ್ಲಾಡ್ಬೇಡ.”

ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಮಾವನ ಮಾತು ಸ್ವಲ್ಪ ಸಭ್ಯವಾಗಿ ಕೇಳಿಸಬಹುದು. ಅದು ಕನ್ನಡದ ತಪ್ಪು.

ಮೊದಲ ಸಲ ಹಿಡಿದಾಗ ಅಕ್ಕ ಹಲ್ಲು ಕಚ್ಚಿದಳು. ಎರಡನೆಯ ಸಲ ಕೂದಲು ಸುಟ್ಟ ವಾಸನೆ ಬಂತು. ಮೂರನೆಯ ಸಲ ಅವಳು ತಡೆಯಲಾರದೆ ಭುಜ ಎತ್ತಿದಳು, ಬೀಡಿಯ ಕೆಂಡ ಮುರಿದು ಚರ್ಮದ ಮೇಲೆ ಕೂತಿತು, ಅಲ್ಲಿಂದ ಕೆಳಗೆ ಜಾರಿತು. ಉಣ್ಣಿ ಟಪ್ಪೆಂದು ಒಡೆಯಿತು. ಮಾವ ಹೆಬ್ಬೆರಳ ಉಗುರಿನಲ್ಲಿ ಅದನ್ನು ಕೆರೆದು ತೆಗೆದು ಅಂಗಳಕ್ಕೆ ಎಸೆದರು. ಕೋಳಿಯೊಂದು ಓಡಿ ಬಂದು ಹೆಕ್ಕಿಕೊಂಡು ಹೋಯಿತು.

“ನೋಡಿದ್ಯಾ,” ಅಂದರು ಮಾವ ನನ್ನ ಕಡೆ ತಿರುಗಿ, “ತಾನಾಗಿ ಬಿತ್ತು.”

ನಾನು ನೋಡಿದ್ದು ಬೇರೆ. ಕತ್ತಿನಲ್ಲಿ ಒಂದು ಕಪ್ಪು ಚುಕ್ಕೆ ಒಳಗೇ ಉಳಿದಿತ್ತು. ಉಣ್ಣಿಯ ಬಾಯಿ. ಆದರೆ ಆಗ ನನಗೆ ಹದಿಮೂರೋ ಹದಿನಾಲ್ಕೋ ವರ್ಷ, ಮಾವ ನೋಡಿದ್ದನ್ನೇ ನಾನೂ ನೋಡಿದೆ ಎಂದು ತಲೆಯಾಡಿಸಿದೆ. ಈ ಬರಹದಲ್ಲಿ ಮುಂದೆ ಬರುವ ಸಿಟ್ಟಿನಲ್ಲಿ ಒಂದು ಪಾಲು ಆ ತಲೆಯಾಡಿಸಿದವಳಿಗೂ ಸೇರಬೇಕು.

ಎರಡು ವಾರ ಕೀವಾಯಿತು. ತೆಂಗಿನೆಣ್ಣೆ, ಅರಸಿನ ಹಚ್ಚಿದರು. ಮಳೆ ಹಿಡಿಯುವ ಹೊತ್ತಿಗೆ ಗಾಯ ಮಾಗಿ, ಹುಣಸೆಬೀಜದಷ್ಟು ದೊಡ್ಡ ಬಿಳಿ ಕಲೆ ಉಳಿಯಿತು. ಕೆಂಡ ಜಾರಿದ ದಾರಿಯಲ್ಲಿ ಕೆಳಗೊಂದು ಸಣ್ಣ ಬಾಲ. ಜಡೆ ಹಾಕಿದರೆ ಕಾಣುವುದಿಲ್ಲ. ಕಾಣದಿದ್ದರೆ ನಮ್ಮಲ್ಲಿ ಇಲ್ಲ ಎಂದೇ ಲೆಕ್ಕ.

ಆದರೆ ಹೆಣ್ಣು ನೋಡಲು ಬಂದವರಿಗೆ ಜಡೆ ಎತ್ತುವ ಹಕ್ಕು ಉಂಟಲ್ಲ. ಪುತ್ತೂರಿನ ಕಡೆಯಿಂದ ಬಂದ ಮೊದಲ ಸಂಬಂಧದಲ್ಲಿ ಹುಡುಗನ ದೊಡ್ಡಮ್ಮ ಮಲ್ಲಿಗೆ ಮುಡಿಸುವ ನೆಪದಲ್ಲಿ ಜಡೆ ಎತ್ತಿದರು, ಒಂದು ಗಳಿಗೆ ತಡೆದರು, ಹೂ ಮುಡಿಸಿ ಕೂತರು. ಕಾಫಿ ಕುಡಿದರು. ವಾರದ ಮೇಲೆ ಜಾತಕ ಕೂಡಿಬರುವುದಿಲ್ಲ ಎಂದು ಸುದ್ದಿ ಬಂತು. ಜಾತಕ ಕೂಡಿದ ಮೇಲೆಯೇ ಅವರು ಬಂದಿದ್ದದ್ದು. ತಿಂಗಳೊಳಗೆ ಅಂಗಡಿಯಿಂದ ಅಂಗಡಿಗೆ ಮಾತು ನಡೆದು ನಮ್ಮ ಮನೆಗೂ ತಲುಪಿತು: ಆ ಹುಡುಗಿಗೆ ಬಿಳಿ ಉಂಟಂತೆ.

‘ಬಿಳಿ’ ಎಂಬ ಶಬ್ದವನ್ನು ಗಮನಿಸಿ. ಯಾರೂ ತೊನ್ನು ಎನ್ನಲಿಲ್ಲ. ತೊನ್ನು ಅಂದಿದ್ದರೆ, ಅಲ್ಲ ಎಂದು ಜಗಳಕ್ಕೆ ಹೋಗಬಹುದಿತ್ತು. ಬಿಳಿ ಉಂಟು ಅಂದರೆ ಎಂತ ಹೇಳುವುದು? ಬಿಳಿ ಇದ್ದದ್ದು ಹೌದು. ಕಣ್ಣಿಗೆ ಕಾಣುವ ಒಂದು ಬಣ್ಣದ ಹೆಸರು ಹೇಳಿ ಒಂದು ಹುಡುಗಿಯ ಬಾಳನ್ನು ನಿಲ್ಲಿಸಬಹುದೆಂದು ನಾನು ಅಲ್ಲಿ ಕಲಿತೆ. ತೊನ್ನು ಇದ್ದರೂ ಅದೊಂದು ದೊಡ್ಡ ಅಪರಾಧವೇನಲ್ಲ ಎಂಬ ವಾದ ನನ್ನ ಬಳಿ ಬೇರೆ ಉಂಟು. ಅದನ್ನು ಕೇಳುವ ಕಿವಿ ಅಕ್ಕನ ಇಪ್ಪತ್ತೆರಡನೆಯ ವರ್ಷದಲ್ಲಿ ನಮ್ಮ ಸುತ್ತ ಎಲ್ಲೂ ಇರಲಿಲ್ಲ.

ಜೋಯಿಸರು ಸರ್ಪದ ಮುನಿಸು ಎಂದರು. ಮನೆಯವರೆಲ್ಲ ಸುಬ್ರಹ್ಮಣ್ಯಕ್ಕೆ ಹೋಗಿ ಬಂದೆವು. ಬಸ್ಸಿನಲ್ಲಿ ಅಕ್ಕ ಸೆರಗು ಹೊದ್ದು ಕೂತಿದ್ದಳು. ನನ್ನ ಜಗಳ ದೇವರ ಹತ್ತಿರ ಅಲ್ಲ. ಅಲ್ಲಿಗೆ ಹೋಗಿ ಬಂದ ಮೇಲೆ ಅಕ್ಕ ಒಂದೆರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದು ನಿಜ. ಜಗಳ ಇರುವುದು, ತನ್ನ ಬೀಡಿ ಸುಟ್ಟದ್ದನ್ನು ತಾನೇ ಕಣ್ಣಾರೆ ಕಂಡ ಮಾವ ಜೋಯಿಸರ ಎದುರು ಕೈಮುಗಿದು ಕೂತು “ಕಾರಣ ಎಂತದು ಜೋಯಿಸ್ರೆ?” ಎಂದು ಕೇಳಿದ್ದರ ಬಗ್ಗೆ.

ಡಾಕ್ಟರಿಗೆ ತೋರಿಸುವ ಎಂದರೆ ಅಮ್ಮ ಒಪ್ಪಲಿಲ್ಲ. “ಡಾಕ್ಟ್ರು ನೋಡಿದ್ರೆ ಕಾಯಿಲೆಯ ಹೆಸರು ಬರೀತಾರೆ. ಬರೆದ ಮೇಲೆ ಅಳಿಸ್ಲಿಕ್ಕೆ ಆಗ್ತದಾ?”

ನಾನು ಪುತ್ತೂರಿಗೆ ಕಾಲೇಜಿಗೆ ಸೇರಿದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳ್ತಂಗಡಿ ಕಡೆಯ ಕಾಡಿನಿಂದ ಮಂಗನ ಕಾಯಿಲೆಯ ಸುದ್ದಿ ಬರುತ್ತಿದ್ದ ಕಾಲ. ಮಂಗ ಸತ್ತಲ್ಲಿ ಹೋಗಬೇಡಿ, ಉಣ್ಣಿ ಕಚ್ಚಿಸಿಕೊಳ್ಳಬೇಡಿ ಎಂದು ಬಸ್ಸಿನಲ್ಲಿ ಕೂಡ ಮಾತು. ಆ ಸಮಯದಲ್ಲಿ ಕಾಲೇಜಿನವರು ನಮ್ಮನ್ನು ರಸ್ತೆ ಮಾಡುವ ಶಿಬಿರಕ್ಕೆಂದು ನೆಲ್ಯಾಡಿಗೆ ಕರೆದುಕೊಂಡು ಹೋದರು. ರಬ್ಬರು ತೋಟಗಳ ಅಂಚಿನಲ್ಲಿ ನಾಲ್ಕು ದಿನ ಪೊದೆ ಕಡಿದದ್ದೇ ಬಂತು. ಐದನೆಯ ದಿನ ಸ್ನಾನ ಮಾಡುವಾಗ ನನ್ನ ಮೊಣಕಾಲಿನ ಹಿಂದೆ ಒಂದು ಕಾಣಿಸಿತು. ಇನ್ನೂ ಸಣ್ಣದು, ಎಳ್ಳಿನಷ್ಟು, ಆದರೆ ಗಟ್ಟಿಯಾಗಿ ಕಚ್ಚಿತ್ತು. ಶಿಬಿರದ ಹುಡುಗರಲ್ಲಿ ಒಬ್ಬ ಸಹಾಯಕ್ಕೆ ಬಂದ. ಕಿಸೆಯಿಂದ ಬೆಂಕಿಪೆಟ್ಟಿಗೆ ತೆಗೆದ.

“ಒಳಗಿಡು ಅದನ್ನು,” ಅಂದೆ. ಅವನು ಇವತ್ತಿಗೂ ನನ್ನನ್ನು ಜಂಬದವಳು ಎಂದುಕೊಂಡಿರಬೇಕು.

ಪಕ್ಕದ ತೋಟದಲ್ಲಿ ಕೇರಳದಿಂದ ಬಂದು ನೆಲೆಸಿದ ಒಂದು ಕುಟುಂಬವಿತ್ತು. ಆ ಮನೆಯ ಮಗಳು ಎಲ್ಲೋ ದೂರದ ಆಸ್ಪತ್ರೆಯಲ್ಲಿ ನರ್ಸು, ಹೆರಿಗೆಗೆ ಬಂದವರು. ಅವರ ಹತ್ತಿರ ಹೋಗಿ, “ಚೇಚಿ, ಉಣ್ಣಿ ಕಚ್ಚಿದೆ,” ಅಂದೆ.

ಅವರು ತೊಡೆಯ ಮೇಲಿನ ಮಗುವನ್ನು ನೋಡಿದರು, ನನ್ನನ್ನು ನೋಡಿದರು. “ನನ್ನ ಉಣ್ಣಿಗೆ ಇನ್ನೂ ಹಲ್ಲೇ ಬರಲಿಲ್ಲ ಮೋಳೆ.”

ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ, ಮೋಳೆ ಎಂದರೆ ಮಗಳೇ. ಉಣ್ಣಿ ಎಂದರೆ ಮುದ್ದುಕೂಸು ಎಂದು ಗೊತ್ತಿದ್ದೂ ಹಾಗೆ ಹೇಳಿದ್ದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ನನ್ನ ಕಾಲನ್ನು ಬೆಳಕಿಗೆ ತಿರುಗಿಸಿದರು, ನಗು ನಿಲ್ಲಿಸಿದರು, ಕೇಳಿದರು: “ಇದಕ್ಕೆ ಯಾರಾದರೂ ಎಂತದಾದರೂ ಹಾಕಿದ್ದಾರಾ? ಎಣ್ಣೆ, ಸುಣ್ಣ, ಬೆಂಕಿ?”

ಪೊಲೀಸರು ಕೇಳುವ ಹಾಗೆ ಕೇಳಿದರು. ಇಲ್ಲ ಎಂದ ಮೇಲೆ ಸಮಾಧಾನವಾಯಿತು. ಸೂಟ್‌ಕೇಸಿನಿಂದ ಒಂದು ಚಿಮಟ ತಂದರು. ತುದಿ ಚೂಪು, ಅಕ್ಕಸಾಲಿಗಳ ಹತ್ತಿರ ಇರುವಂಥದು. ಕೈ ತೊಳೆದು, ಚಿಮಟವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಉಣ್ಣಿಯ ಹೊಟ್ಟೆಯನ್ನು ಮುಟ್ಟದೆ, ಚರ್ಮಕ್ಕೆ ತಾಗಿಕೊಂಡೇ ಅದರ ಬಾಯಿಯ ಹತ್ತಿರ ಹಿಡಿದರು. ತಿರುಚಲಿಲ್ಲ. ಜಗ್ಗಲಿಲ್ಲ. ಸುಮ್ಮನೆ ನೇರ ಮೇಲಕ್ಕೆ, ಒಂದೇ ಹದದಲ್ಲಿ ಎಳೆಯುತ್ತ ಹಿಡಿದುಕೊಂಡರು. ನನ್ನ ಚರ್ಮ ಸಣ್ಣ ಗುಡಾರದ ಹಾಗೆ ಎದ್ದಿತು. ಕೈ ಅಲ್ಲಾಡಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು. ಉಣ್ಣಿ ಬಿಟ್ಟಿತು. ಬಾಯಿ ಸಹಿತ ಬಂತು. ಅವರು ಅದನ್ನು ಬೆರಳಲ್ಲಿ ಹಿಚುಕಲಿಲ್ಲ, ಸ್ಪಿರಿಟ್ ಇದ್ದ ಸೀಸೆಗೆ ಹಾಕಿ ಮುಚ್ಚಿದರು. ನನ್ನ ಕಾಲನ್ನೂ ತಮ್ಮ ಕೈಯನ್ನೂ ಸಾಬೂನು ಹಾಕಿ ತೊಳೆದರು.

“ಇಷ್ಟೇಯಾ?” ಅಂದೆ.

“ಇಷ್ಟೇ. ಇನ್ನು ಎರಡು ಮೂರು ವಾರದೊಳಗೆ ಜ್ವರ ಬಂದರೆ, ಕಚ್ಚಿದಲ್ಲಿ ಕೆಂಪಾಗಿ ಹರಡಿದರೆ ಡಾಕ್ಟರ ಹತ್ತಿರ ಹೋಗು. ಹೋದಾಗ ಉಣ್ಣಿ ಕಚ್ಚಿತ್ತು ಅಂತ ಮೊದಲು ಹೇಳು. ಅವರು ಕೇಳುವ ಮೊದಲೇ ಹೇಳು.”

“ಬೀಡಿ ಹಿಡಿದರೆ ತಾನಾಗಿ ಬೀಳುವುದಿಲ್ವಾ ಚೇಚಿ?”

ಅವರು ಸೀಸೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. “ಇದು ಬಾಯಿಯನ್ನು ಒಳಗೆ ಊರಿ ಅಂಟು ಹಾಕಿಕೊಂಡಿರ್ತದೆ. ಬಿಡು ಅಂದ ಕೂಡಲೇ ಬಿಡ್ಲಿಕ್ಕೆ ಅದಕ್ಕೇ ಆಗುದಿಲ್ಲ. ಸುಟ್ಟರೆ ಹೆದರಿ ಬಿಡುದಲ್ಲ, ಹೆದರಿ ಕಕ್ಕುದು. ಹೊಟ್ಟೆಯಲ್ಲಿ ಇದ್ದ ವಿಷವೆಲ್ಲ ನಿನ್ನ ರಕ್ತಕ್ಕೆ. ಮತ್ತೆ ನಿನ್ನ ಚರ್ಮ ಸುಡ್ತದೆ. ಸುಟ್ಟಲ್ಲಿ ಬಣ್ಣ ವಾಪಸು ಬಾರದೆ ಬಿಳಿಯಾಗಿ ಉಳಿದದ್ದು ನಾನು ಎಷ್ಟು ನೋಡಿದ್ದೇನೆ.”

ಬಿಳಿ. ಆ ಶಬ್ದ ಅವರ ಬಾಯಲ್ಲಿ ಬರೀ ಬಣ್ಣವಾಗಿತ್ತು. ನಾನು ಅಲ್ಲಿ ಕೂತಲ್ಲೇ ಜಗಲಿಯ ಕತೆಯನ್ನೂ ಅಡುಗೆಮನೆಯ ಕತೆಯನ್ನೂ ಮೊದಲ ಬಾರಿ ಪಕ್ಕಪಕ್ಕ ಇಟ್ಟು ನೋಡಿದೆ. ಇಷ್ಟು ವರ್ಷ ನನಗೇ ಹೊಳೆಯದೆ ಹೋದದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಚರ್ಚೆಯಲ್ಲಿ ಸಿಟ್ಟಿಗೆ ಅಂಕ ಇಲ್ಲ, ಪುರಾವೆಗೆ ಉಂಟು. ರಜೆಯಲ್ಲಿ ಮನೆಗೆ ಹೋದವಳು ಅಕ್ಕನ ಕಲೆಯ ಮೇಲೆ ಎಣ್ಣೆ ಕಾಗದ ಇಟ್ಟು ಅದರ ಅಂಚನ್ನು ಪೆನ್ಸಿಲಿನಲ್ಲಿ ತೆಗೆದುಕೊಂಡೆ. ಮುಂದಿನ ರಜೆಯಲ್ಲಿ ಇನ್ನೊಮ್ಮೆ. ಅದರ ಮುಂದಿನದರಲ್ಲಿ ಮತ್ತೊಮ್ಮೆ. ಅಕ್ಕ ಬೀಡಿ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವವಳು, ಅವಳಿಗೆ ಈ ಕೆಲಸದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. “ಸರಿಯಾಗಿ ಒತ್ತಿ ಹಿಡಿ,” ಎಂದು ಅವಳೇ ಕತ್ತು ಬಗ್ಗಿಸಿ ಕೂರುತ್ತಿದ್ದಳು. ಮೂರು ಕಾಗದಗಳನ್ನು ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ. ತೊನ್ನು ಹರಡುವಂಥದು, ಇದು ಒಂದು ಕೂದಲಿನಷ್ಟೂ ಹರಡಿರಲಿಲ್ಲ. ಬಾಲ ಕೂಡ ಅಲ್ಲೇ.

ಆ ಕಾಗದಗಳನ್ನು ಮಾವನ ಎದುರು ಜಗಲಿಯ ಮೇಲೆ ಹರಡಿದೆ. ಕಡಬದಿಂದ ಹೊಸ ಸಂಬಂಧವೊಂದು ಬರುವುದಿತ್ತು, ಹುಡುಗ ಶಾಲೆಯ ಮಾಸ್ಟ್ರು. ಇನ್ನು ನಾಲ್ಕು ದಿನ.

“ಇದೆಂತ ನಕ್ಷೆ?” ಅಂದರು ಮಾವ.

“ಅಕ್ಕನ ಕತ್ತಿನದು. ಇದು ತೊನ್ನಲ್ಲ ಮಾವ, ಸುಟ್ಟ ಕಲೆ. ಬಂದವರಿಗೆ ಮೊದಲೇ ಹೇಳುವ. ಉಣ್ಣಿ ತೆಗೆಯುವಾಗ ಬೀಡಿ ತಾಗಿತು ಅಂತ. ಒಂದು ಮಾತು ಸಾಕು.”

“ಯಾರ ಬೀಡಿ?”

“ನಿಮ್ಮದು.”

ಮಾವ ಕಾಗದವನ್ನು ಮುಟ್ಟಲಿಲ್ಲ. “ನಿನ್ನ ಡಿಬೇಟು ಕಾಲೇಜಿನಲ್ಲಿ ಇಟ್ಟುಕೊ ಮಾರಾಯ್ತಿ. ನಾಗನದು ಅಂತ ಹೇಳಿಯಾಗಿದೆ. ಹರಕೆ ಸಂದಾಯ ಮಾಡಿಯೂ ಆಗಿದೆ. ಅದರಲ್ಲಿ ಯಾರ ಮರ್ಯಾದೆಯೂ ಹೋಗುದಿಲ್ಲ.”

“ಅಕ್ಕನದು?”

“ಮಾವನಿಗೆ ಎದುರು ಮಾತಾಡುದಾ?” ಅಂದಳು ಅಮ್ಮ ಒಳಗಿನಿಂದ.

“ನಾಗ ಬೀಡಿ ಸೇದುವುದಿಲ್ಲಮ್ಮ,” ಅಂದೆ. ಅಮ್ಮ ಕಿವಿ ಮುಚ್ಚಿಕೊಂಡಳು. ಅಕ್ಕ ಬೀಡಿ ಮೊರವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕದ್ದನ್ನು ನಾನೊಬ್ಬಳೇ ನೋಡಿದೆ.

ನಮ್ಮದು ಅಳಿಯಸಂತಾನದ ಮನೆ. ಅಂದರೆ ಮನೆ ಇಳಿದು ಬಂದದ್ದು ಅಮ್ಮನ ಕಡೆಯಿಂದ. ಹೊರಗಿನವರು ಕೇಳಿ, ಓ, ನಿಮ್ಮಲ್ಲಿ ಹೆಂಗಸರದ್ದೇ ಆಡಳಿತ ಎಂದು ಹೊಗಳುತ್ತಾರೆ. ಮನೆ ಅಮ್ಮನದು ಹೌದು, ಮನೆಯ ಮಾತು ಅಮ್ಮನ ಅಣ್ಣನದು. ಸಂಬಂಧ ಕೇಳಿ ಬಂದವರಿಗೆ ಉತ್ತರ ಕೊಡುವವರು ಅವರು. ಅವರು ಹೇಳದ್ದು ಆಗಿಲ್ಲ. ಅಮ್ಮ ಹೆತ್ತ ಮಗಳ ಕತ್ತಿನ ಬಗ್ಗೆ ಅಮ್ಮನಿಗೆ ಮಾತಿಲ್ಲ.

ಕಡಬದವರು ಬಂದರು. ಹುಡುಗನ ತಾಯಿ, ಅತ್ತೆ, ಒಬ್ಬ ಹಿರಿಯರು. ಒಳ್ಳೆಯ ಜನ, ಅದನ್ನು ಹೇಳಲೇಬೇಕು. ಹುಡುಗನ ಅತ್ತೆ ಜಡೆ ಎತ್ತಲಿಲ್ಲ, ನೇರವಾಗಿ ಕೇಳಿದರು. “ಕತ್ತಿನಲ್ಲಿ ಎಂತದೋ ಬಿಳಿ ಉಂಟು ಅಂತ ಕೇಳಿದ್ದೇವೆ. ಬೇಜಾರು ಮಾಡ್ಬೇಡಿ. ಎಂತ ಅದು?”

“ನಾಗನದು,” ಅಂದರು ಮಾವ. “ಸುಬ್ರಹ್ಮಣ್ಯಕ್ಕೆ ಹೋಗಿ ಬಂದಾಗಿದೆ. ಕಡಿಮೆಯಾಗ್ತಾ ಉಂಟು.”

ಕಡಿಮೆಯಾಗುತ್ತಾ ಇರಲಿಲ್ಲ. ಹೆಚ್ಚಾಗುತ್ತಲೂ ಇರಲಿಲ್ಲ. ನನ್ನ ಹತ್ತಿರ ಮೂರು ಕಾಗದ ಇತ್ತು. ಅಕ್ಕ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆದೆ.

“ನಾಗನದಲ್ಲ. ಅದು ಬೀಡಿಯಿಂದ ಸುಟ್ಟದ್ದು.”

ವೇದಿಕೆಯಲ್ಲಿ ಎಷ್ಟೋ ಸಲ ಒಂದು ವಾಕ್ಯ ಹೇಳಿ ಸಭೆ ಸ್ತಬ್ಧವಾದದ್ದನ್ನು ಕಂಡು ಖುಷಿಪಟ್ಟಿದ್ದೇನೆ. ಆ ದಿನ ಸ್ತಬ್ಧವಾದ ಜಗಲಿಯಲ್ಲಿ ನನಗೆ ಅರ್ಥವಾದದ್ದು, ನಾನು ವಾಕ್ಯವನ್ನು ತಪ್ಪು ತುದಿಯಿಂದ ಹಿಡಿದಿದ್ದೆ ಎಂದು. ಉಣ್ಣಿ ಎಂಬ ಶಬ್ದ ಮೊದಲು ಬರಬೇಕಿತ್ತು.

ಹುಡುಗನ ತಾಯಿ ಅಕ್ಕನ ಮುಖ ನೋಡಿದರು. ಸ್ವರ ತಗ್ಗಿಸಿ ಕೇಳಿದರು. “ಬೀಡಿಯಲ್ಲಿ ಸುಟ್ಟದ್ದಾ? ಯಾರು? ಎಂತ ಮಾಡಿದ್ದಳು ಅಂತ?”

ಪ್ರಾಯದ ಹುಡುಗಿಯ ಕತ್ತಿನಲ್ಲಿ ಬೀಡಿಯ ಗಾಯ. ಶಿಕ್ಷೆ ಎಂದುಕೊಂಡರು. ಶಿಕ್ಷೆಯಿದ್ದರೆ ತಪ್ಪೂ ಇರಬೇಕು. ನಾನು ಆತುರದಲ್ಲಿ ಉಣ್ಣಿ, ಗೇರುಬೀಜ, ಗುಡ್ಡೆ ಎಂದು ಹೇಳತೊಡಗಿದೆ. ನಿಜವನ್ನೇ ಹೇಳುತ್ತಿದ್ದರೂ ಒಂದೊಂದು ಮಾತೂ ಆಗ ಹುಟ್ಟಿಸಿದ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಬಂದ ಹಿರಿಯರು ನನ್ನನ್ನು ಬಿಟ್ಟು ಮಾವನ ಕಡೆ ತಿರುಗಿದರು.

“ಹೌದಾ ಯಜಮಾನ್ರೆ? ಉಣ್ಣಿ ತೆಗೆಯುವಾಗ ಆದದ್ದಾ?”

ಇದಕ್ಕಿಂತ ಸುಲಭದ ಪ್ರಶ್ನೆಯನ್ನು ಯಾವ ಸಭೆಯಲ್ಲೂ ಯಾರಿಗೂ ಕೇಳಿರಲಾರರು. ಹೌದು, ನಾನೇ, ಕೈ ತಪ್ಪಿತು. ಮೂರು ಮಾತು. ಅವರು ನಗುತ್ತಿದ್ದರು, ಅಯ್ಯೋ ನಮ್ಮಲ್ಲೂ ಹಾಗೆಯೇ ಮಾಡುದು ಮಾರಾಯ್ರೆ ಎನ್ನುತ್ತಿದ್ದರು, ಕಾಫಿ ಆರುವ ಮೊದಲು ವಿಷಯ ಮುಗಿಯುತ್ತಿತ್ತು. ಅಕ್ಕ ತಲೆ ಎತ್ತಿ ಮಾವನನ್ನೇ ನೋಡಿದಳು. ಅವಳು ಹಾಗೆ ಯಾರನ್ನಾದರೂ ನೋಡಿದ್ದು ನಾನು ಅದಕ್ಕೆ ಮೊದಲು ಕಂಡಿಲ್ಲ, ಆಮೇಲೆಯೂ ಕಂಡಿಲ್ಲ.

ಮಾವ ಎದ್ದು ಅಂಗಳದ ಕಡೆ ಹೋಗಿ ಎಲೆಯಡಿಕೆ ಉಗುಳಿದರು. ವಾಪಸು ಬಂದು ಕೂತು, “ಸಣ್ಣವಳಿಗೆ ಮಾತು ಹೆಚ್ಚು. ಕಾಲೇಜು,” ಅಂದರು.

ಕಡಬದವರು ಕಾಫಿ ಕುಡಿದು ಎದ್ದರು. ಅವರು ಜಾತಕದ ನೆಪವನ್ನೂ ಹೇಳಿ ಕಳಿಸಲಿಲ್ಲ.

ಇದಾಗಿ ಕೆಲವು ವರ್ಷ ಕಳೆದಿವೆ. ಅಕ್ಕನನ್ನು ನಾನೇ ಪುತ್ತೂರಿಗೆ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಒಂದು ನಿಮಿಷವೂ ನೋಡಲಿಲ್ಲ, “ಹಳೆಯ ಸುಟ್ಟ ಕಲೆ. ಎಂತ ಆಗಿತ್ತು?” ಎಂದರು. ಅಮ್ಮ ಹೆದರಿದ್ದ ಹೆಸರು ಕಾಗದದ ಮೇಲೆ ಬರಲೇ ಇಲ್ಲ. ಆ ಚೀಟಿಯನ್ನು ತಂದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅದನ್ನು ದೇವರ ಕೋಣೆಯಲ್ಲಿ ಇಟ್ಟಳು. ಯಾರಿಗೂ ತೋರಿಸಲಿಲ್ಲ, ಯಾಕೆಂದರೆ ಅಣ್ಣನ ಮಾತು ಸುಳ್ಳೆಂದು ಬರೆದ ಚೀಟಿ ಅದು.

ಕಡಬದ ಬಸ್‌ಸ್ಟ್ಯಾಂಡಿನ ಹತ್ತಿರ ವಾಚು ರಿಪೇರಿ ಮಾಡುವ ಒಬ್ಬರು ಬ್ಯಾರಿ ಸಾಹೇಬರಿದ್ದಾರೆ. ಅವರ ಹತ್ತಿರ ಚೂಪು ತುದಿಯ ಒಂದು ಹಳೆಯ ಚಿಮಟ ಕೇಳಿ ತೆಗೆದುಕೊಂಡೆ. ಯಾಕೆ ಎಂದು ಕೇಳಿದರು. ಉಣ್ಣಿ ತೆಗೆಯಲಿಕ್ಕೆ ಎಂದೆ. “ಹಾಗಾದರೆ ತುದಿ ಸ್ವಲ್ಪ ಮಸೆದು ಕೊಡ್ತೇನೆ, ಎರಡೂ ತುದಿ ಸರೀ ಕೂಡ್ಬೇಕಲ್ಲ,” ಎಂದು ಮಸೆದು ಕೊಟ್ಟರು. ಅದನ್ನು ಅಕ್ಕನಿಗೆ ಕೊಟ್ಟು, ನೆಲ್ಯಾಡಿಯ ಚೇಚಿ ಮಾಡಿದ್ದನ್ನು ಹಾಗೆಯೇ ತೋರಿಸಿದೆ. ದಿನಕ್ಕೆ ಸಾವಿರ ಬೀಡಿಯ ಬಾಯಿ ಮಡಚುವ ಬೆರಳು ಅವಳದು. ನನ್ನ ಕೈ ನಡುಗುತ್ತದೆ, ಅವಳದು ನಡುಗುವುದಿಲ್ಲ. ಈಗ ಸುತ್ತಲಿನ ನಾಲ್ಕೈದು ಮನೆಯವರು ಉಣ್ಣಿ ಕಚ್ಚಿದರೆ ಅವಳ ಹತ್ತಿರ ಬರುತ್ತಾರೆ. ಬಂದವರನ್ನು ಅವಳು ಮೊದಲು ಕೇಳುವುದು ಒಂದೇ ಪ್ರಶ್ನೆ, “ಇದಕ್ಕೆ ಎಂತದಾದರೂ ಹಾಕಿದ್ದೀರಾ?” ಹೌದು ಎಂದವರಿಗೆ ಬೈಗುಳ. ಅವಳು ಬೈಯುವುದನ್ನು ಕೇಳಲಿಕ್ಕೆಂದೇ ನಾನು ರಜೆಯಲ್ಲಿ ಮನೆಗೆ ಹೋಗುವುದು ಎಂದರೂ ತಪ್ಪಿಲ್ಲ.

ಮಾವನ ಕತೆ ಮಾತ್ರ ನಿಲ್ಲಲಿಲ್ಲ. ಉಣ್ಣಿ ತೆಗೆಸಿಕೊಳ್ಳಲು ಬಂದವರು ಅಕ್ಕನ ಸರದಿಗೆ ಕಾಯುತ್ತ ಜಗಲಿಯಲ್ಲಿ ಕೂತಿರುವಾಗಲೂ ಮಾವ ಹೇಳುತ್ತಾರೆ, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಬೀಡಿ ಹಿಡಿದರೆ ಮುಗಿಯಿತು, ತಾನಾಗಿ ಬೀಳುತ್ತಿತ್ತು. ನಾನು ಎದ್ದು ಹೋಗುತ್ತೇನೆ. ಅಕ್ಕ ಕೂತಿರುತ್ತಾಳೆ.

ಕಳೆದ ಬೇಸಗೆಯಲ್ಲಿ ಮಾವ ಒಂದು ಬೆಳಿಗ್ಗೆ ಗುಡ್ಡೆಯಿಂದ ಬಂದವರು ಅಂಗಿ ಬಿಚ್ಚಿ ಕನ್ನಡಿಗೆ ಬೆನ್ನು ತೋರಿಸಿ ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ಹೆಗಲಮೂಳೆಯ ಕೆಳಗೆ, ಕೈ ಎಟುಕದ ಜಾಗದಲ್ಲಿ ಒಂದು ಉಣ್ಣಿ ಕೂತಿತ್ತು. ಅಕ್ಕ ಮೂಲೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ನಾನು ಪೇಪರು ಓದುತ್ತಿದ್ದೆ. ಮಾವ ಇಬ್ಬರನ್ನೂ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದರು.

“ಆ ಚಿಮಟ ಎಲ್ಲುಂಟು?”

ಅಕ್ಕ ಮೊರವನ್ನು ಬದಿಗಿಟ್ಟು ಎದ್ದಳು. ಕೈ ತೊಳೆದಳು. ಚಿಮಟ ತಂದಳು. ಮಾವ ಅದೇ ಬೆಂಚಿನ ಮೇಲೆ ಕವುಚಿ ಮಲಗಿದರು. ಅವರ ಅಂಗಿ ಕಂಬದ ಮೊಳೆಯಲ್ಲಿ ನೇತಾಡುತ್ತಿತ್ತು, ಕಿಸೆಯಲ್ಲಿ ಬೀಡಿಯ ಕಟ್ಟು, ಬೆಂಕಿಪೆಟ್ಟಿಗೆ. ಅಕ್ಕ ಬಗ್ಗಿ, ಚರ್ಮಕ್ಕೆ ತಾಗಿಕೊಂಡು ಹಿಡಿದು, ನೇರ ಮೇಲಕ್ಕೆ ಎಳೆಯತೊಡಗಿದಳು. ಮುಂದೆ ಬಗ್ಗಿದಾಗ ಜಡೆ ಒಂದು ಬದಿಗೆ ಜಾರಿ ಕತ್ತಿನ ಕಲೆ ಕಾಣಿಸಿತು, ಬಾಲ ಸಹಿತ.

“ನೋವಾಗದ ಹಾಗೆ ತೆಗಿ,” ಅಂದರು ಮಾವ ಬೆಂಚಿಗೆ ಮುಖ ಒತ್ತಿಕೊಂಡು.

ನಾನು ಪೇಪರನ್ನು ಕೆಳಗಿಟ್ಟೆ. ಮೊಳೆಯಲ್ಲಿದ್ದ ಅಂಗಿಯ ಕಿಸೆಯಿಂದ ಬೀಡಿಯ ಕಟ್ಟು ತೆಗೆದು ಅವರ ಮುಖದ ಹತ್ತಿರ ಹಿಡಿದು ಕೇಳಿದೆ, “ಮಾವ, ನಿಮ್ಮ ಬೆನ್ನಿಗೆ ಇದು ಯಾಕೆ ಬೇಡ?”